ಭೂತಾನ್‌ನಲ್ಲಿ ನಿಧಾನವಾಗಿ ಒಂಬತ್ತು ರಾತ್ರಿ: ಸಮಗ್ರ ಮಾರ್ಗದರ್ಶಿ

ಭೂತಾನ್‌ಗೆ ಹೋಗಿಬಂದ ನಮ್ಮ ಕಡೆಯವರನ್ನು ಕೇಳಿ ನೋಡಿ. ಹೆಚ್ಚಿನವರದು ಒಂದೇ ಕಥೆ. ಐದು ರಾತ್ರಿ, ಮೂರು ಊರು, ದಿನಕ್ಕೆ ಆರೇಳು ಜಾಗ, ಕೊನೆಗೆ ಮೊಣಕಾಲು ನೋವು. ಪಾರೊ, ಥಿಂಪು, ಪುನಾಖಾ ಮೂರೂ ಆಯಿತು, ಆದರೆ ಯಾವ ಗುಡಿ ಯಾವ ಊರಿನದು ಅಂತ ಫೋಟೋ ನೋಡಿದರೂ ನೆನಪಾಗುವುದಿಲ್ಲ.

ಅಲ್ಲಿನ ರಸ್ತೆಗಳಿಗೇ ಅವಸರ ಆಗುವುದಿಲ್ಲ. ನೂರು ಕಿಲೋಮೀಟರ್ ಅಂದರೆ ಮೂರು-ನಾಲ್ಕು ಗಂಟೆ, ತಿರುವಿನ ಮೇಲೆ ತಿರುವು. ಮೇಲಿಂದ ಒಂದೊಂದು ರಾತ್ರಿಗೂ ಸರ್ಕಾರಕ್ಕೆ ಶುಲ್ಕ ಕಟ್ಟುತ್ತೀರಿ. ಹಾಗಿರುವಾಗ ದಿನದ ಅರ್ಧ ಕಾರಿನಲ್ಲೇ ಕಳೆಯುವುದು ನಷ್ಟದ ಬಾಬ್ತು. ನನ್ನ ಸಲಹೆ ಇಷ್ಟೇ: ಊರು ಕಡಿಮೆ ಮಾಡಿ, ಪ್ರತಿ ಊರಲ್ಲಿ ರಾತ್ರಿ ಜಾಸ್ತಿ ಮಾಡಿ. ಅದನ್ನು ಹೇಗೆ ಮಾಡುವುದು ಅಂತ ಒಂದೊಂದಾಗಿ ಹೇಳುತ್ತೇನೆ.

1. ಮೊದಲು ದುಡ್ಡಿನ ಲೆಕ್ಕ

2022ರ ಸೆಪ್ಟೆಂಬರ್‌ನಲ್ಲಿ ಗಡಿ ಮತ್ತೆ ತೆರೆದಾಗಿನಿಂದ ಭಾರತೀಯರೂ ಅಭಿವೃದ್ಧಿ ಶುಲ್ಕ ಕಟ್ಟಬೇಕು. ಅಲ್ಲಿ ಎಲ್ಲರೂ ಇದನ್ನು ಎಸ್‌ಡಿಎಫ್ ಅಂತಲೇ ಕರೆಯುತ್ತಾರೆ. ತಲೆಗೆ ಒಂದು ರಾತ್ರಿಗೆ 1,200 ರೂಪಾಯಿ. 6ರಿಂದ 12 ವರ್ಷದ ಮಕ್ಕಳಿಗೆ ಅರ್ಧ, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಗಂಡ, ಹೆಂಡತಿ ಮತ್ತು ಹತ್ತು ವರ್ಷದ ಒಂದು ಮಗು ಒಂಬತ್ತು ರಾತ್ರಿ ಇದ್ದರೆ ಶುಲ್ಕವೇ 27,000 ರೂಪಾಯಿ. ಹೋಟೆಲ್, ಕಾರು, ಊಟ ಎಲ್ಲ ಬೇರೆ.

ಒಂದು ಎಚ್ಚರಿಕೆ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ನೆಲೆಸಿ ಅಲ್ಲಿನ ಪಾಸ್‌ಪೋರ್ಟ್ ಪಡೆದ ಮಗಳೋ ಅಳಿಯನೋ ಜೊತೆಗೆ ಬರುವುದಾದರೆ, ಅವರಿಗೆ ಈ ದರ ಇಲ್ಲ. ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ ಅಲ್ಲಿ ಅವರು ವಿದೇಶಿಯರೇ. ವೀಸಾ ಬೇಕು, ಶುಲ್ಕ ರಾತ್ರಿಗೆ 100 ಡಾಲರ್. ಇದು 2023ರಲ್ಲಿ 200ರಿಂದ ಇಳಿಸಿದ ದರ. ಇಡೀ ಕುಟುಂಬದ ಬಜೆಟ್ಟೇ ತಲೆಕೆಳಗಾಗಬಹುದು, ಮೊದಲೇ ನೋಡಿಕೊಳ್ಳಿ.

ಶುಲ್ಕ ಜಾಸ್ತಿ ಅಂತ ರಾತ್ರಿ ಕಡಿಮೆ ಮಾಡಲು ಮನಸ್ಸಾಗುತ್ತದೆ. ಆದರೆ ವಿಮಾನದ ಟಿಕೆಟ್ ಹೇಗೂ ದೊಡ್ಡ ಖರ್ಚು. ಅಷ್ಟು ದೂರ ಹೋದ ಮೇಲೆ ಇನ್ನೆರಡು ರಾತ್ರಿ ಸೇರಿಸುವುದೇ ಲಾಭ. ಉಳಿಸಲೇಬೇಕು ಅಂದರೆ ಹೋಟೆಲ್ ದರ್ಜೆಯಲ್ಲಿ ಉಳಿಸಿ. ಮಾನ್ಯತೆ ಪಡೆದ ಹೋಮ್‌ಸ್ಟೇಗಳು ಹೋಟೆಲ್‌ಗಿಂತ ಸೋವಿ, ಊಟವೂ ಚೆನ್ನಾಗಿರುತ್ತದೆ.

2. ಕಾಗದಪತ್ರ

ಭಾರತೀಯರಿಗೆ ವೀಸಾ ಬೇಡ, ಪ್ರವೇಶ ಪರವಾನಗಿ ಬೇಕು. ಇದಕ್ಕೆ ಕನಿಷ್ಠ ಆರು ತಿಂಗಳು ಚಾಲ್ತಿ ಇರುವ ಪಾಸ್‌ಪೋರ್ಟ್ ಆಗುತ್ತದೆ, ಇಲ್ಲವೇ ಮತದಾರರ ಗುರುತಿನ ಚೀಟಿ. ಆಧಾರ್ ನಡೆಯುವುದಿಲ್ಲ. ನಮ್ಮವರಿಗೆ ಇದು ಅಭ್ಯಾಸವಾಗಿಬಿಟ್ಟಿದೆ, ಎಲ್ಲದಕ್ಕೂ ಆಧಾರ್ ತೋರಿಸಿ. ಭೂತಾನ್ ಗಡಿಯಲ್ಲಿ ಅದಕ್ಕೆ ಬೆಲೆ ಇಲ್ಲ. ಪಾಸ್‌ಪೋರ್ಟ್ ಇಲ್ಲದ ಮಕ್ಕಳಿಗೆ ಜನನ ಪ್ರಮಾಣಪತ್ರದ ಮೂಲಪ್ರತಿ ಇಟ್ಟುಕೊಳ್ಳಿ. ಎಲ್ಲರ ಒಂದೆರಡು ಪಾಸ್‌ಪೋರ್ಟ್ ಅಳತೆಯ ಫೋಟೋ ಕೂಡ ಇರಲಿ.

ಅರ್ಜಿಯನ್ನು ಆನ್‌ಲೈನ್‌ನಲ್ಲಿ ಮೊದಲೇ ಹಾಕಿ. ಗಡಿಯಲ್ಲೂ ಮಾಡಿಸಬಹುದು. ಆದರೆ ದುರ್ಗಾಪೂಜೆ ರಜೆಯಲ್ಲಿ, ಮೇ ತಿಂಗಳಲ್ಲಿ ಬಂಗಾಳದ ಅರ್ಧ ಜನ ಅಲ್ಲೇ ಸಾಲಿನಲ್ಲಿ ನಿಂತಿರುತ್ತಾರೆ. ಗೈಡ್ ಎಲ್ಲೆಲ್ಲಿ ಕಡ್ಡಾಯ ಅನ್ನುವ ನಿಯಮ ಆಗಾಗ ಬದಲಾಗುತ್ತಿರುತ್ತದೆ. ಹೊರಡುವ ತಿಂಗಳು ಭೂತಾನ್ ಪ್ರವಾಸೋದ್ಯಮ ಇಲಾಖೆಯ ಪುಟ ನೋಡಿ. ನಿಯಮ ಏನೇ ಇರಲಿ, ಗೈಡ್ ಇಟ್ಟುಕೊಳ್ಳಿ ಅಂತಲೇ ನಾನು ಹೇಳುವುದು. ಗೋಡೆ ಚಿತ್ರದಲ್ಲಿ ಇರುವುದು ಯಾರು ಅಂತ ಹೇಳುವವರು ಇಲ್ಲದಿದ್ದರೆ ಮೂರನೆಯ ಗುಡಿಯ ಹೊತ್ತಿಗೆ ಎಲ್ಲವೂ ಒಂದೇ ಥರ ಕಾಣುತ್ತದೆ.

3. ಯಾವಾಗ ಹೋಗಬೇಕು

ಅಕ್ಟೋಬರ್ ಮತ್ತು ನವೆಂಬರ್ ಮೊದಲ ಆಯ್ಕೆ. ಆಕಾಶ ತಿಳಿ, ಹಿಮದ ಶಿಖರಗಳು ಕಾಣುತ್ತವೆ, ಪಾರೊದಲ್ಲಿ ಭತ್ತ ಕೊಯ್ಲಿಗೆ ಬಂದಿರುತ್ತದೆ. ಮಾರ್ಚ್-ಏಪ್ರಿಲ್ ಎರಡನೆಯದು. ಥಿಂಪು-ಪುನಾಖಾ ನಡುವಿನ ದೋಚುಲಾ ಸುತ್ತ ರೋಡೋಡೆಂಡ್ರಾನ್ ಅರಳುತ್ತದೆ, ಪಾರೊದ ತ್ಸೇಚು ಹಬ್ಬವೂ ಆಗಲೇ. ಜೂನ್‌ನಿಂದ ಆಗಸ್ಟ್ ಮಳೆ, ಗುಡ್ಡ ಕುಸಿತ. ಮಲೆನಾಡಿನವರಿಗೆ ಮಳೆ ಹೊಸದಲ್ಲ, ಆದರೆ ರಸ್ತೆ ಮುಚ್ಚಿದರೆ ಮಾಡುವುದೇನು? ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಚಳಿ ಜೋರು, ಜನ ಕಡಿಮೆ. ಕೊಕ್ಕರೆ ನೋಡುವವರಿಗೆ ಇದೇ ಕಾಲ. ಆ ಮಾತು ಮುಂದೆ ಬರುತ್ತದೆ.

ತ್ಸೇಚುಗಳ ದಿನ ಚಾಂದ್ರಮಾನದ ಪ್ರಕಾರ, ಪ್ರತಿ ವರ್ಷ ಬದಲು. ಥಿಂಪು ತ್ಸೇಚು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬರುತ್ತದೆ, ಕೆಲವು ವರ್ಷ ನಮ್ಮ ದಸರಾ ರಜೆಯ ಆಸುಪಾಸಿನಲ್ಲೇ. ಹಬ್ಬಕ್ಕೆ ಹೋಗುವುದಾದರೆ ಮೂರೂ ದಿನ ಅಲೆಯಬೇಡಿ. ಒಂದು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಊರವರ ನಡುವೆ ಚಾಪೆ ಹಾಸಿ ಕೂತುಬಿಡಿ. ಮುಖವಾಡದ ಕುಣಿತ ಉದ್ದ, ನಿಧಾನ. ಮಧ್ಯೆ ಮಧ್ಯೆ ಅತ್ಸಾರಾ ಅನ್ನುವ ಕೋಡಂಗಿಗಳು ಮರದ ಲಿಂಗ ಹಿಡಿದು ಬಂದು ಎಲ್ಲರನ್ನೂ ಗೋಳು ಹೊಯ್ದುಕೊಳ್ಳುತ್ತಾರೆ. ಅಜ್ಜಿಯರು ಬಿದ್ದು ಬಿದ್ದು ನಗುತ್ತಾರೆ, ಯಾರಿಗೂ ಮುಜುಗರ ಇಲ್ಲ.

4. ಹೊರಡುವ ಮುನ್ನ ಬೈಲಕುಪ್ಪೆಗೆ ಒಂದು ಅರ್ಧ ದಿನ

ಇದು ಯಾವ ಟ್ರಾವೆಲ್ ಏಜೆಂಟೂ ಹೇಳದ ತಯಾರಿ. ಕುಶಾಲನಗರದ ಪಕ್ಕ ಬೈಲಕುಪ್ಪೆಯಲ್ಲಿ ನಾಮ್‌ಡ್ರೋಲಿಂಗ್ ಮಠ ಇದೆ, ನಾವು ಗೋಲ್ಡನ್ ಟೆಂಪಲ್ ಅನ್ನುತ್ತೇವಲ್ಲ, ಅದೇ. 1963ರಲ್ಲಿ ಪೆನೋರ್ ರಿಂಪೋಚೆ ಸ್ಥಾಪಿಸಿದ ನಿಂಗ್ಮಾ ಪಂಥದ ಮಠ. ಒಳಗೆ ಮೂರು ದೊಡ್ಡ ಮೂರ್ತಿಗಳಿವೆ: ಶಾಕ್ಯಮುನಿ ಬುದ್ಧ, ಅಮಿತಾಯು, ಮತ್ತು ಗುರು ಪದ್ಮಸಂಭವ. ಮೀಸೆ ಇರುವ, ಕಣ್ಣರಳಿಸಿ ನೋಡುವ ಆ ಪದ್ಮಸಂಭವನನ್ನು ಚೆನ್ನಾಗಿ ನೋಡಿಟ್ಟುಕೊಳ್ಳಿ. ಭೂತಾನ್‌ನಲ್ಲಿ ಅವನೇ ಗುರು ರಿಂಪೋಚೆ. ಹೆಚ್ಚುಕಡಿಮೆ ಪ್ರತಿ ಗುಡಿಯಲ್ಲೂ ಸಿಗುತ್ತಾನೆ. ಅಲ್ಲಿನ ರಾಜಾಶ್ರಯದ ಪಂಥ ದ್ರುಕ್ಪಾ ಕಗ್ಯು, ಆದರೆ ನಿಂಗ್ಮಾದವರೂ ಬಹಳ ಜನ. ಭೂತಾನ್‌ನಿಂದ ಓದಲು ಬಂದ ಭಿಕ್ಷುಗಳೂ ಬೈಲಕುಪ್ಪೆಯಲ್ಲಿ ಇದ್ದಾರೆ.

ಪ್ರಾರ್ಥನೆಯ ಹೊತ್ತಿಗೆ ಹೋಗಿ ಗೋಡೆ ಬದಿ ಅರ್ಧ ಗಂಟೆ ಸುಮ್ನೆ ಕೂತು ಬನ್ನಿ. ಫೋನ್ ತೆಗೆಯದೆ ಅಷ್ಟು ಹೊತ್ತು ಕೂರಲು ಆಗುತ್ತದೆಯಾ ಅಂತ ಇಲ್ಲೇ ಗೊತ್ತಾಗಿಬಿಡುತ್ತದೆ.

5. ದಾರಿ ಹಾಕುವುದು: ತಗ್ಗಿನಿಂದ ಶುರು

ಬೆಂಗಳೂರಿನಿಂದ ಹೋಗುವವರು ಕೋಲ್ಕತ್ತಾ ಅಥವಾ ದೆಹಲಿಯಲ್ಲಿ ವಿಮಾನ ಬದಲಿಸಿ ಪಾರೊಗೆ ಹೋಗಬಹುದು. ದ್ರುಕ್ ಏರ್ ಮತ್ತು ಭೂತಾನ್ ಏರ್‌ಲೈನ್ಸ್ ಎರಡೇ ಕಂಪನಿ ಈ ದಾರಿಯಲ್ಲಿ. ದೆಹಲಿಯಿಂದಾದರೆ ಎಡಗಡೆ ಕಿಟಕಿ ಕೇಳಿ, ಹಿಮಾಲಯ ಪೂರ್ತಿ ಆ ಕಡೆಯೇ. ಖರ್ಚು ಉಳಿಸುವವರು ಬಾಗ್‌ಡೋಗ್ರಾಕ್ಕೆ ಹಾರಿ, ಅಲ್ಲಿಂದ ರಸ್ತೆಯಲ್ಲಿ ಜೈಗಾಂವ್ ಸೇರಿ, ಗೇಟು ದಾಟಿ ಫುಂಟ್‌ಶೋಲಿಂಗ್‌ಗೆ ಹೋಗುತ್ತಾರೆ. ರೈಲಿನವರಿಗೆ ಹತ್ತಿರದ ನಿಲ್ದಾಣ ಹಾಸಿಮಾರಾ. ಆ ದಾರಿಯಲ್ಲಿ ಹೋಗುವವರು ಒಂದು ರಾತ್ರಿ ಫುಂಟ್‌ಶೋಲಿಂಗ್‌ನಲ್ಲೇ ಮಲಗಿ. ಅಲ್ಲಿಂದ ಥಿಂಪುಗೆ ಸುಮಾರು 150 ಕಿಲೋಮೀಟರ್, ಐದು ಗಂಟೆಗೆ ಕಡಿಮೆ ಇಲ್ಲ. ಸ್ವಂತ ಕಾರು ಒಳಗೆ ಒಯ್ಯುವ ಯೋಚನೆ ಬಿಡಿ. ಭಾರತದ ನೋಂದಣಿಯ ಗಾಡಿಗೆ ದಿನಕ್ಕೆ 4,500 ಶುಲ್ಕ ಇದೆ.

ವಿಮಾನದಲ್ಲಿ ಹೋಗುವವರಿಗೆ ನಾನು ಹೇಳುವ ದಾರಿ ಪ್ಯಾಕೇಜ್‌ಗಳದ್ದಕ್ಕೆ ಉಲ್ಟಾ. ಪಾರೊದಲ್ಲಿ ಇಳಿದ ದಿನವೇ ನೇರ ಪುನಾಖಾಗೆ ಹೋಗಿ. ನಾಲ್ಕು ಗಂಟೆಯ ದಾರಿ. ಪುನಾಖಾ 1,200 ಮೀಟರ್ ಚಿಲ್ಲರೆ ಎತ್ತರದಲ್ಲಿದೆ. ಪಾರೊ, ಥಿಂಪು ಎರಡೂ 2,200ಕ್ಕಿಂತ ಮೇಲೆ. ತಗ್ಗಿನಲ್ಲಿ ಬೆಚ್ಚಗೆ ಶುರು ಮಾಡಿ, ಆಮೇಲೆ ಸುಮಾರು 2,900 ಮೀಟರ್ ಎತ್ತರದ ಫೋಬ್ಜಿಖಾ ಕಣಿವೆಗೆ ಹತ್ತಿ, ಕೊನೆಗೆ ಪಾರೊದಲ್ಲಿ ಬಂಡೆಯ ಅಂಚಿನ ತಕ್‌ತ್ಸಾಂಗ್ ಗುಡಿ ಏರಿದರೆ ಅಷ್ಟರಲ್ಲಿ ಕಾಲಿಗೂ ಉಸಿರಿಗೂ ಅಭ್ಯಾಸ ಆಗಿರುತ್ತದೆ.

ಹೀಗೆ ಹಂಚಿ: ಪುನಾಖಾದಲ್ಲಿ ಮೂರು ರಾತ್ರಿ, ಫೋಬ್ಜಿಖಾದಲ್ಲಿ ಎರಡು, ವಾಪಸ್ ಬರುವಾಗ ಥಿಂಪುವಿನಲ್ಲಿ ಒಂದು, ಪಾರೊದಲ್ಲಿ ಮೂರು. ಇನ್ನೂ ಪೂರ್ವಕ್ಕಿರುವ ಬುಮ್‌ತಾಂಗ್ ಕೂಡ ಸೇರಿಸೋಣ ಅನ್ನಿಸುತ್ತದೆ. ಒಂಬತ್ತು ರಾತ್ರಿಯಲ್ಲಿ ಬೇಡ. ಅದಕ್ಕೆ ಇನ್ನೂ ನಾಲ್ಕು ರಾತ್ರಿ ಬೇಕು.

6. ಏಜೆಂಟ್ ಜೊತೆ ಏನು ಮಾತಾಡಬೇಕು

ಸುಮ್ಮನಿದ್ದರೆ ಅವರು ತಮ್ಮ ಅಭ್ಯಾಸದ ಪಟ್ಟಿಯನ್ನೇ ಕಳಿಸುತ್ತಾರೆ. ಹಾಗಾಗಿ ಮೊದಲ ವಾಟ್ಸಾಪ್‌ನಲ್ಲೇ ಬರೆದುಬಿಡಿ: ದಿನಕ್ಕೆ ಒಂದು ಮುಖ್ಯ ಜಾಗ ಸಾಕು. ಅದೂ ಬೆಳಿಗ್ಗೆ. ಮಧ್ಯಾಹ್ನ ಖಾಲಿ ಇರಲಿ. ಊಟ ಹೋಟೆಲ್ ಬಫೆಯಲ್ಲಿ ಬೇಡ, ಊರಿನವರು ತಿನ್ನುವ ಕಡೆ. ನಡೆಯುವ ದಾರಿ ಇದ್ದರೆ ಕಾರು ಬೇಡ, ಡ್ರೈವರ್ ಆ ತುದಿಯಲ್ಲಿ ಕಾಯಲಿ.

ಕಡಿಮೆ ಜಾಗ ಕೇಳಿದಿರಿ ಅಂತ ದರ ಏನೂ ಇಳಿಯುವುದಿಲ್ಲ, ಅದನ್ನು ನಿರೀಕ್ಷಿಸಬೇಡಿ. ಗೈಡ್‌ಗೆ ಮಾತ್ರ ಮೊದಲ ದಿನವೇ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ನೀವು ಕೂತಲ್ಲೇ ಕೂತಿದ್ದು ನೋಡಿ ಬೇಜಾರಾಗಿದೆಯೇನೋ ಅಂತ ಅವರು ಚಡಪಡಿಸುತ್ತಾರೆ.

7. ಪುನಾಖಾ: ಮೂರು ರಾತ್ರಿ

ದಾರಿಯಲ್ಲಿ ದೋಚುಲಾ ಕಣಿವೆದಾರಿ, 3,100 ಮೀಟರ್ ಎತ್ತರ, 108 ಚೋರ್ಟೆನ್‌ಗಳು, ಅಂದರೆ ಸ್ತೂಪಗಳು. ಅಲ್ಲಿ ಟೀ ಕುಡಿಯಲು ನಿಲ್ಲಿ. ಜೋರಾಗಿ ಓಡಾಡಬೇಡಿ, ಅವತ್ತು ತಾನೇ ತಗ್ಗಿನಿಂದ ಬಂದಿದ್ದೀರಿ.

ಪುನಾಖಾದ ಜೋಂಗ್ ಕಟ್ಟಿಸಿದ್ದು ಭೂತಾನನ್ನು ಒಂದುಗೂಡಿಸಿದ ಶಬ್‌ದ್ರುಂಗ್ ಙವಾಂಗ್ ನಾಮ್‌ಗ್ಯಾಲ್, 1637-38ರಲ್ಲಿ. ಫೋ ಚು, ಮೋ ಚು ಎರಡು ನದಿ ಕೂಡುವ ಜಾಗ. ಮೊದಲ ರಾಜನಿಗೆ 1907ರಲ್ಲಿ ಪಟ್ಟ ಆಗಿದ್ದು ಇಲ್ಲೇ. ಕೋಟೆ, ಕಚೇರಿ, ಮಠ ಮೂರೂ ಒಂದೇ ಗೋಡೆಯೊಳಗೆ. ಚಳಿಗಾಲದಲ್ಲಿ ದೇಶದ ಮುಖ್ಯ ಧರ್ಮಗುರು ಜೆ ಖೆನ್ಪೊ ಮತ್ತು ಭಿಕ್ಷು ಸಂಘ ಥಿಂಪುವಿನ ಚಳಿ ಬಿಟ್ಟು ಇಲ್ಲಿಗೆ ಬಂದು ಇರುತ್ತಾರೆ. ಒಳಗೆ ಹೋಗಲು ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟ್ ಬೇಕು, ಟೋಪಿ ತೆಗೆಯಬೇಕು. ಗುಡಿಯ ಒಳಗೆ ಫೋಟೋ ಇಲ್ಲ, ಚಪ್ಪಲಿ ಹೊರಗೆ. ಸುತ್ತುವುದು ಯಾವಾಗಲೂ ಬಲಕ್ಕೆ, ನಮ್ಮ ಪ್ರದಕ್ಷಿಣೆಯ ಹಾಗೇ. ಭಿಕ್ಷು ಹೂಜಿಯಿಂದ ಅಂಗೈಗೆ ಕೇಸರಿ ನೀರು ಹಾಕಿದರೆ ಒಂದು ಗುಟುಕು ಕುಡಿದು ಉಳಿದದ್ದನ್ನು ತಲೆಗೆ ಸವರಿಕೊಳ್ಳಿ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ ಅಲ್ವಾ.

ಎರಡನೆಯ ದಿನ ಚಿಮಿ ಲಾಖಾಂಗ್. ಗದ್ದೆಯ ಬದುವಿನ ಮೇಲೆ ಅರ್ಧ ಗಂಟೆ ನಡಿಗೆ. ಇದು ದ್ರುಕ್ಪಾ ಕುನ್ಲೆ ಅನ್ನುವ ತುಂಟ ಸಂತನ ಗುಡಿ. ಕುಡಿಯುತ್ತಾ, ಪೋಲಿ ಹಾಡು ಹೇಳುತ್ತಾ ಧರ್ಮ ಬೋಧಿಸಿದವನು. ಮಕ್ಕಳಾಗದವರು ಹರಕೆ ಹೊರಲು ಬರುತ್ತಾರೆ. ಪಕ್ಕದ ಹಳ್ಳಿಯ ಮನೆ ಗೋಡೆಗಳ ತುಂಬ ಲಿಂಗದ ಚಿತ್ರ, ಕಣ್ಣು, ರಿಬ್ಬನ್ ಎಲ್ಲ ಬರೆದಿದ್ದು. ಮಕ್ಕಳು ಜೊತೆಗಿದ್ದರೆ ಪ್ರಶ್ನೆಗಳಿಗೆ ತಯಾರಾಗಿ ಹೋಗಿ. ದೃಷ್ಟಿ ತಾಗದಿರಲಿ ಅಂತ ಅನ್ನುವುದು ಒಳ್ಳೆಯ ಉತ್ತರ, ನಿಜವೂ ಹೌದು.

ಮೂರನೆಯ ದಿನಕ್ಕೆ ಏನೂ ಹಾಕಿಕೊಳ್ಳಬೇಡಿ. ತೂಗುಸೇತುವೆ ದಾಟಿ ಆಚೆ ದಂಡೆಯ ಹಳ್ಳಿ ಕಡೆ ನಡೆಯಿರಿ. ಬೇಕಿದ್ದರೆ ಖಮ್‌ಸುಮ್ ಯುಲ್ಲೆ ಚೋರ್ಟೆನ್‌ವರೆಗೆ ಹತ್ತಬಹುದು, ಮುಕ್ಕಾಲು ಗಂಟೆಯಿಂದ ಒಂದು ಗಂಟೆ.

8. ಫೋಬ್ಜಿಖಾ: ಕೊಕ್ಕರೆಗಳ ಕಣಿವೆ

ಒಂದೇ ಕಣಿವೆ ನೋಡಬೇಕು ಅಂದರೆ ನಾನು ಇದನ್ನೇ ಆರಿಸುತ್ತೇನೆ. ಅಗಲವಾದ ಜೌಗು ಬಯಲು, ಸುತ್ತ ಪೈನ್ ಕಾಡು, ಆಲೂಗಡ್ಡೆ ಹೊಲ, ದಿಬ್ಬದ ಮೇಲೆ ಗಂಗ್ತೆ ಮಠ. ಅಕ್ಟೋಬರ್ ಕೊನೆಯಲ್ಲಿ ಟಿಬೆಟ್ ಕಡೆಯಿಂದ ಕಪ್ಪು ಕತ್ತಿನ ಕೊಕ್ಕರೆಗಳು ಬಂದು ಫೆಬ್ರವರಿ-ಮಾರ್ಚ್‌ವರೆಗೆ ಇಲ್ಲಿರುತ್ತವೆ. ಬರುವಾಗ, ಹೋಗುವಾಗ ಮಠಕ್ಕೆ ಮೂರು ಸುತ್ತು ಹಾಕುತ್ತವೆ ಅಂತ ಊರವರು ನಂಬುತ್ತಾರೆ. ಕಣಿವೆಗೆ ವಿದ್ಯುತ್ ತಂದಾಗ ಹಕ್ಕಿಗಳು ತಂತಿಗೆ ಡಿಕ್ಕಿಯಾಗಬಾರದು ಅಂತ ಕೇಬಲ್‌ಗಳನ್ನು ನೆಲದಡಿ ಹಾಕಿದ್ದಾರೆ. ನವೆಂಬರ್ 11ಕ್ಕೆ ಮಠದ ಅಂಗಳದಲ್ಲಿ ಕೊಕ್ಕರೆ ಹಬ್ಬ, ಶಾಲೆ ಮಕ್ಕಳು ಕೊಕ್ಕರೆ ವೇಷ ಹಾಕಿ ಕುಣಿಯುತ್ತಾರೆ.

ಮಠದ ಹತ್ತಿರದಿಂದ ಕಣಿವೆಗೆ ಇಳಿಯುವ ಕಾಲುದಾರಿ ಇದೆ. ಎರಡು ಗಂಟೆಯಲ್ಲಿ ಮುಗಿಯುತ್ತದೆ, ನೀವು ನಾಲ್ಕು ಗಂಟೆ ಮಾಡಿ. ಜೌಗಿನೊಳಗೆ ಇಳಿಯಬೇಡಿ, ಹಕ್ಕಿ ಕಡೆ ಕಲ್ಲೆಸೆದು ಹಾರಿಸಿ ವಿಡಿಯೋ ಮಾಡುವ ಕೆಲಸವಂತೂ ಬೇಡವೇ ಬೇಡ. ಬೈನಾಕ್ಯುಲರ್ ಒಯ್ಯಿರಿ. ರಾತ್ರಿ ಭಯಂಕರ ಚಳಿ. ಕೋಣೆಯಲ್ಲಿ ಬುಖಾರಿ ಅನ್ನುವ ಕಟ್ಟಿಗೆ ಒಲೆ ಇದೆಯಾ ಅಂತ ಬುಕ್ ಮಾಡುವಾಗಲೇ ಕೇಳಿ.

ಹೋಮ್‌ಸ್ಟೇಯಲ್ಲಿ ಇದ್ದರೆ ಬಿಸಿಕಲ್ಲಿನ ಸ್ನಾನ ಹೇಳಿಸಿ. ಮಧ್ಯಾಹ್ನವೇ ಹೇಳಬೇಕು, ಕಲ್ಲು ಕಾಯಲು ಮೂರ್ನಾಲ್ಕು ಗಂಟೆ ಹಿಡಿಯುತ್ತದೆ. ನದಿಯ ಗುಂಡುಕಲ್ಲುಗಳನ್ನು ಬೆಂಕಿಯಲ್ಲಿ ಕೆಂಪಾಗುವವರೆಗೆ ಸುಡುತ್ತಾರೆ. ಮರದ ತೊಟ್ಟಿಯ ಒಂದು ತುದಿಗೆ ತೂತಿನ ಹಲಗೆ ಅಡ್ಡ ಇರುತ್ತದೆ. ಆಚೆ ಕಲ್ಲು, ಈಚೆ ನೀವು. ಇಕ್ಕಳದಲ್ಲಿ ಕಲ್ಲು ಹಿಡಿದು ನೀರಿಗೆ ಬಿಟ್ಟಾಗ ಚೊಂಯ್ ಅಂತ ಸದ್ದಾಗಿ, ಕಲ್ಲು ಟಪ್ ಅಂತ ಬಿರುಕು ಬಿಡುತ್ತದೆ. ನೀರಿನಲ್ಲಿ ಮಾಚಿಪತ್ರೆ ಜಾತಿಯ ಸೊಪ್ಪು ಹಾಕಿರುತ್ತಾರೆ, ಘಾಟು ಮೂಗಿಗೆ ಹೊಡೆಯುತ್ತದೆ. ಬಿಸಿ ಸಾಲದಿದ್ದರೆ ಕೂಗಿದರೆ ಸಾಕು, ಹೊರಗಿನಿಂದಲೇ ಇನ್ನೊಂದು ಕಲ್ಲು ಜಾರಿಸುತ್ತಾರೆ. ರಕ್ತದೊತ್ತಡ ಇರುವವರು ಹತ್ತು ನಿಮಿಷಕ್ಕೆ ಎದ್ದುಬಿಡಿ.

9. ಊಟ

ಅಕ್ಕಿ ಇದೆ, ಅದಕ್ಕೇ ಅರ್ಧ ಚಿಂತೆ ಕಳೆಯಿತು. ಕೆಂಪಕ್ಕಿ ಅನ್ನ, ಜೊತೆಗೆ ಎಮಾ ದತ್ಶಿ: ಮೆಣಸಿನಕಾಯಿ ಮತ್ತು ಚೀಸ್. ಮೆಣಸಿನಕಾಯಿ ಅಲ್ಲಿ ಮಸಾಲೆ ಅಲ್ಲ, ತರಕಾರಿ. ಬ್ಯಾಡಗಿ ತಿಂದ ಧೈರ್ಯದಲ್ಲಿ ಮೊದಲ ದಿನವೇ ತಟ್ಟೆ ತುಂಬ ಹಾಕಿಸಿಕೊಳ್ಳಬೇಡಿ. ಶುರುವಿಗೆ ಆಲೂಗಡ್ಡೆಯ ಕೆವಾ ದತ್ಶಿ, ಅಣಬೆಯ ಶಾಮು ದತ್ಶಿ ಒಳ್ಳೆಯವು. ಸಸ್ಯಾಹಾರಿಗಳು ಆರ್ಡರ್ ಮಾಡುವಾಗಲೇ ಬಿಡಿಸಿ ಹೇಳಿ, ಸೊಪ್ಪಿನ ಪಲ್ಯದಲ್ಲೂ ಒಣಮಾಂಸದ ಚೂರು ಇರಬಹುದು. ಸುಜಾ ಅಂದರೆ ಬೆಣ್ಣೆ ಹಾಕಿದ ಉಪ್ಪಿನ ಚಹಾ. ಒಮ್ಮೆ ಕುಡಿಯಿರಿ. ಸಿಹಿ ಚಹಾ ಬೇಕಿದ್ದರೆ ಙಜಾ ಅಂತ ಕೇಳಿ.

ಊಟ ಆದ ಮೇಲೆ ಯಾರಾದರೂ ದೋಮಾ ಕೊಡುತ್ತಾರೆ. ವೀಳ್ಯದೆಲೆ, ಸುಣ್ಣ, ಅಡಿಕೆ. ಅಡಿಕೆ ಮಾತ್ರ ನಮ್ಮ ಕೆಂಪಡಿಕೆಯಂತಲ್ಲ. ಹಸಿಯದು, ನೆನೆದು ಮೆತ್ತಗಾದದ್ದು, ವಾಸನೆ ಜೋರು. ಬಾಯಿಗೆ ಹಾಕಿದ ಎರಡು ನಿಮಿಷಕ್ಕೆ ಕಿವಿ ಬಿಸಿಯಾಗಿ ಹಣೆ ಬೆವರುತ್ತದೆ. ಮೊದಲ ಸಲ ಕಾಲು ಭಾಗ ಸಾಕು. 2022ರಲ್ಲಿ ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಿಸಲು ಕೇಂದ್ರ ಒಪ್ಪಿಗೆ ಕೊಟ್ಟಾಗ ಶಿವಮೊಗ್ಗ, ಶಿರಸಿ ಕಡೆ ಎಷ್ಟು ಗಲಾಟೆಯಾಯಿತು ನೆನಪಿದೆಯಲ್ಲ. ನೀವು ಅಡಿಕೆ ಬೆಳೆಗಾರರಾಗಿದ್ದರೆ ಮಾತಿಗೆ ವಿಷಯ ಹುಡುಕಬೇಕಿಲ್ಲ.

10. ಥಿಂಪುವಿನ ಒಂದು ಬೆಳಿಗ್ಗೆ

ರಾಜಧಾನಿಯಲ್ಲಿ ಟ್ರಾಫಿಕ್ ಸಿಗ್ನಲ್ ದೀಪ ಇಲ್ಲ ಅಂತ ಎಲ್ಲರೂ ಫೋಟೋ ತೆಗೆಯುತ್ತಾರೆ. ತೆಗೆಯಿರಿ, ಎರಡು ನಿಮಿಷದ ಕೆಲಸ. ಬೆಳಿಗ್ಗೆ ಏಳಕ್ಕೆಲ್ಲ 1974ರಲ್ಲಿ ಕಟ್ಟಿದ ಮೆಮೋರಿಯಲ್ ಚೋರ್ಟೆನ್‌ಗೆ ಹೋಗಿ. ವಯಸ್ಸಾದವರು ಆಗಲೇ ಬಂದು ಸುತ್ತು ಹಾಕುತ್ತಿರುತ್ತಾರೆ. ಒಂದು ಕೈಯಲ್ಲಿ ಜಪಮಾಲೆ, ಇನ್ನೊಂದರಲ್ಲಿ ಪ್ರಾರ್ಥನಾ ಚಕ್ರ, ಬಾಯಲ್ಲಿ ದೋಮಾ. ನಡುವೆ ಹರಟೆಯೂ ನಡೆದಿರುತ್ತದೆ. ಅವರ ಹೆಜ್ಜೆಗೆ ಹೆಜ್ಜೆ ಹಾಕಿ ನಾಲ್ಕೈದು ಸುತ್ತು ಬನ್ನಿ. ಕಟ್ಟೆ ಮೇಲೆ ಕೂತ ಅಜ್ಜಿಗೆ ಕುಜುಜಾಂಗ್ಪೊ ಲಾ ಅಂತ ನಮಸ್ಕಾರ ಹೇಳಿದರೆ ಪಕ್ಕಕ್ಕೆ ಸರಿದು ಜಾಗ ಕೊಡುತ್ತಾರೆ.

ವಾರದ ಕೊನೆಗೆ ಬಿದ್ದರೆ ರೈತರ ಸಂತೆಗೂ ಹೋಗಬಹುದು. ಚಾಂಗ್ಲಿಮಿಥಾಂಗ್ ಮೈದಾನದ ಕಡೆ ಬಿಲ್ಲುಗಾರಿಕೆ ನಡೆದಿದ್ದರೆ ನಿಂತು ನೋಡಿ. ಗುರಿ ಇರುವುದು 145 ಮೀಟರ್ ದೂರದಲ್ಲಿ, ಅದೂ ಸಣ್ಣ ಹಲಗೆ. ಬಾಣ ತಾಗಿದರೆ ಆಟಗಾರರು ಸಾಲಾಗಿ ನಿಂತು ಹಾಡಿ ಕುಣಿಯುತ್ತಾರೆ. ಮೈದಾನಕ್ಕೆ ಅಡ್ಡ ಮಾತ್ರ ಹೋಗಬೇಡಿ.

11. ಪಾರೊ ಮತ್ತು ತಕ್‌ತ್ಸಾಂಗ್

ಮೊದಲ ದಿನ ಕಿಚು ಲಾಖಾಂಗ್, ಏಳನೆಯ ಶತಮಾನದ್ದು ಅನ್ನುವ ಸಣ್ಣ ಗುಡಿ, ಅಂಗಳದಲ್ಲಿ ಕಿತ್ತಳೆ ಮರ. ಅಲ್ಲಿಂದ ಗದ್ದೆಗಳ ನಡುವೆ ಊರಿನ ಕಡೆ ನಡೆದುಬನ್ನಿ.

ಎರಡನೆಯ ದಿನ ತಕ್‌ತ್ಸಾಂಗ್. ಗುರು ರಿಂಪೋಚೆ ಹುಲಿಯ ಬೆನ್ನೇರಿ ಹಾರಿಬಂದು ಧ್ಯಾನ ಮಾಡಿದ ಗುಹೆ ಅಂತ ನಂಬಿಕೆ. ಗುಡಿ ಕಟ್ಟಿದ್ದು 1692ರಲ್ಲಿ. 1998ರ ಬೆಂಕಿಯಲ್ಲಿ ಹೆಚ್ಚಿನ ಭಾಗ ಸುಟ್ಟುಹೋಗಿ ಮತ್ತೆ ಕಟ್ಟಿದರು. ಎತ್ತರ ಸುಮಾರು 3,120 ಮೀಟರ್, ಕಣಿವೆಯಿಂದ 900 ಮೀಟರ್ ಮೇಲೆ. ಬೆಳಿಗ್ಗೆ ಏಳೂವರೆಗೆ ಶುರು ಮಾಡಿ. ಅರ್ಧ ದಾರಿಗೆ ಒಂದು ಕೆಫೆಟೇರಿಯಾ. ಕುದುರೆ ಅಲ್ಲಿವರೆಗೆ ಮಾತ್ರ, ಇಳಿಯುವಾಗ ಇಲ್ಲ. ಗುಡಿ ಎದುರಿಗೇ ಕಾಣುವ ತಿರುವು ಬಂದಾಗ ಬಂದೇಬಿಟ್ಟೆವು ಅನ್ನಿಸುತ್ತದೆ. ಇಲ್ಲ. ಅಲ್ಲಿಂದ ನೂರಾರು ಮೆಟ್ಟಿಲು ಇಳಿದು, ಜಲಪಾತದ ಪಕ್ಕ ದಾಟಿ, ಮತ್ತೆ ಮೆಟ್ಟಿಲು ಹತ್ತಬೇಕು. ಇಡೀ ದಾರಿಯಲ್ಲಿ ಜನ ಸೋಲುವುದು ಇಲ್ಲೇ.

ಹತ್ತುವ ಉಪಾಯ ಒಂದೇ: ಮೂಗಿನಲ್ಲಿ ಉಸಿರಾಡಲು ಆಗುವಷ್ಟೇ ವೇಗ. ಬಾಯಿ ತೆರೆಯಬೇಕಾದರೆ ಜಾಸ್ತಿ ಆಯಿತು ಅಂತ ಲೆಕ್ಕ, ನಿಲ್ಲಿ. ಯಾರ ಜೊತೆಗೂ ಪೈಪೋಟಿ ಬೇಡ. ಒಳಗೆ ಹೋಗುವ ಮುನ್ನ ಫೋನ್, ಚೀಲ ಎಲ್ಲ ಲಾಕರ್‌ನಲ್ಲಿಡಬೇಕು. ಗೈಡ್ ಕಥೆ ಮುಗಿಸಿದ ಮೇಲೆ ಒಂದು ಕೋಣೆಯಲ್ಲಿ ಇಪ್ಪತ್ತು ನಿಮಿಷ ಕೂರುತ್ತೇವೆ ಅಂತ ಕೇಳಿ. ಬೇಡ ಅನ್ನುವವರು ಕಡಿಮೆ. ಹಿಂದಿನ ಗುಂಪು ಹೋಗಿ ಮುಂದಿನದು ಬರುವ ನಡುವೆ ಐದು ನಿಮಿಷವಾದರೂ ಗುಡಿ ಪೂರ್ತಿ ನಿಮ್ಮದೇ ಆಗುತ್ತದೆ.

ಮೂರನೆಯ ದಿನ ಕಾಲಿಗೆ ರಜೆ.

12. ವಾಪಸ್ ಬರುವಾಗ

ಪಾರೊದ ರನ್‌ವೇ ಬೆಟ್ಟಗಳ ನಡುವೆ ಇದೆ. ಪೈಲಟ್ ಕಣ್ಣಿಗೆ ದಾರಿ ಕಾಣಿಸಿದರೆ ಮಾತ್ರ ಹಾರಾಟ, ಹಾಗಾಗಿ ಮೋಡ-ಗಾಳಿ ಇದ್ದರೆ ವಿಮಾನ ತಡ. ಕೋಲ್ಕತ್ತಾ ಅಥವಾ ದೆಹಲಿಯಿಂದ ಬೆಂಗಳೂರಿಗೆ ಅದೇ ಮಧ್ಯಾಹ್ನದ ವಿಮಾನ ಹಿಡಿಯುವ ಸಾಹಸ ಬೇಡ, ರಾತ್ರಿಯದೋ ಮರುದಿನದ್ದೋ ತೆಗೆಯಿರಿ. ಅಲ್ಲಿನ ಗಡಿಯಾರ ನಮಗಿಂತ ಅರ್ಧ ಗಂಟೆ ಮುಂದೆ, ಫೋನ್ ತಾನಾಗಿ ಬದಲಾಗಿದೆಯಾ ಹಿಂದಿನ ರಾತ್ರಿ ನೋಡಿಕೊಳ್ಳಿ.

ದುಡ್ಡಿನ ವಿಷಯ ಕೊನೆಗೆ. ಒಂದು ಙುಲ್ಟ್ರಮ್ ಅಂದರೆ ಒಂದು ರೂಪಾಯಿ, ನಮ್ಮ ನೋಟು ಅಲ್ಲಿ ನಡೆಯುತ್ತದೆ. 2021ರಲ್ಲಿ ಯುಪಿಐ ಕೂಡ ಶುರುವಾಗಿದೆ, ಆದರೆ ಹಳ್ಳಿ ಕಡೆ ಅದನ್ನೇ ನಂಬಬೇಡಿ. ನೂರರ ನೋಟು ಜಾಸ್ತಿ ಇಟ್ಟುಕೊಳ್ಳಿ. ಚಿಲ್ಲರೆ ಎಲ್ಲ ಙುಲ್ಟ್ರಮ್‌ನಲ್ಲೇ ವಾಪಸ್ ಬರುತ್ತದೆ. ಜೈಗಾಂವ್‌ನಲ್ಲಿ ಅದು ಓಡುತ್ತದೆ, ಬೆಂಗಳೂರಿನಲ್ಲಿ ಯಾರೂ ಮುಟ್ಟುವುದಿಲ್ಲ. ಹೊರಡುವ ಬೆಳಿಗ್ಗೆ ಜೇಬು ತಡಕಿ, ಉಳಿದದ್ದನ್ನು ಪಾರೊ ಪೇಟೆಯಲ್ಲಿ ಕೆಂಪಕ್ಕಿಗೆ ಖರ್ಚು ಮಾಡಿ. ಚೆಕ್-ಇನ್ ತೂಕ ಮಾತ್ರ ನೋಡಿಕೊಳ್ಳಿ.